ತಂದೆ ತಾಯಿ ಬೇರಾದಾಗ ಮಕ್ಕಳ ಗತಿಯೇನು? ಕ್ರೈಸ್ತ ಕುಟುಂಬಗಳು ತಿಳಿದಿರಬೇಕಾದ ಕಾನೂನು

ದಾಂಪತ್ಯದಲ್ಲಿ ಬಿರುಕು ಬಿಟ್ಟ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇವೆ. ಇಂಥ ಮನೆಯವರು ವಕೀಲರ ಕಚೇರಿಗೆ ಹೋಗುವ ಮೊದಲು ಹೆಚ್ಚಾಗಿ ಧರ್ಮಗುರುಗಳ ಬಳಿಗೆ, ವಾರ್ಡಿನ ಗುರಿಕಾರರ ಬಳಿಗೆ ಅಥವಾ ಪರಿಚಯದ ಧರ್ಮಭಗಿನಿಯರ ಬಳಿಗೆ ಬರುತ್ತಾರೆ. ಆಗ ಕೇಳಿಬರುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ: ಮಗು ಯಾರ ಪಾಲಿಗೆ? ಶಾಲೆಯ ಫೀಸು ಯಾರು ಕಟ್ಟಬೇಕು? ಚರ್ಚಿನಲ್ಲಿ ಮದುವೆ ರದ್ದಾದರೆ ಸಾಕಲ್ಲವೇ? ತಪ್ಪು ಉತ್ತರ ಸಿಕ್ಕಿದರೆ ಅದರ ಪೆಟ್ಟು ಬೀಳುವುದು ಮಗುವಿನ ಮೇಲೆ. ಆದುದರಿಂದ ಮುಖ್ಯ ವಿಷಯಗಳನ್ನು ಇಲ್ಲಿ ಒಂದೆಡೆ ಕೊಡುತ್ತಿದ್ದೇವೆ. ಇದು ತಿಳುವಳಿಕೆಗಾಗಿ ಮಾತ್ರ. ಪ್ರತಿಯೊಂದು ಪ್ರಕರಣದಲ್ಲೂ ವಕೀಲರ ಸಲಹೆ ಪಡೆಯುವುದು ಅವಶ್ಯ.

ಚರ್ಚಿನ ತೀರ್ಪು ಬೇರೆ, ಕೋರ್ಟಿನ ತೀರ್ಪು ಬೇರೆ

ಎಲ್ಲಕ್ಕಿಂತ ಮೊದಲು ಈ ಗೊಂದಲ ನಿವಾರಣೆಯಾಗಬೇಕು. ಧರ್ಮಪ್ರಾಂತ್ಯದ ನ್ಯಾಯಮಂಡಳಿ ಒಂದು ವಿವಾಹವನ್ನು ಅಸಿಂಧು ಎಂದು ಘೋಷಿಸಿದರೆ ಅದು ಧರ್ಮಸಭೆಯೊಳಗೆ ಮಾತ್ರ ಅನ್ವಯಿಸುತ್ತದೆ. ದೇಶದ ಕಾನೂನಿನ ದೃಷ್ಟಿಯಲ್ಲಿ ಆ ಗಂಡ ಹೆಂಡಿರು ಇನ್ನೂ ಗಂಡ ಹೆಂಡಿರೇ. ಮೋಲಿ ಜೋಸೆಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಹೀಗೆಂದು ತೀರ್ಪಿತ್ತಿತು. ಚರ್ಚಿನ ನ್ಯಾಯಮಂಡಳಿಯ ತೀರ್ಪಿಗೆ ಕಾನೂನಿನ ಮಾನ್ಯತೆ ನೀಡಬೇಕೆಂದು ಕ್ಲಾರೆನ್ಸ್ ಪಾಯಸ್ ಅವರು ಸಲ್ಲಿಸಿದ ಅರ್ಜಿಯನ್ನೂ 2017ರಲ್ಲಿ ಅದೇ ಕೋರ್ಟ್ ತಳ್ಳಿಹಾಕಿತು.

ಕೋರ್ಟಿನ ಆದೇಶವಿಲ್ಲದೆ ಚರ್ಚಿನ ತೀರ್ಪನ್ನು ಮಾತ್ರ ನಂಬಿ ಮರುಮದುವೆಯಾದರೆ ಆ ಮದುವೆ ಕಾನೂನಿನಲ್ಲಿ ನಿಲ್ಲುವುದಿಲ್ಲ. ದ್ವಿಪತ್ನಿತ್ವದ ಆರೋಪವೂ ಬರಬಹುದು. ಎರಡನೆಯ ಮದುವೆಯಲ್ಲಿ ಹುಟ್ಟುವ ಮಕ್ಕಳು ಆಸ್ತಿಯ ವಿಷಯದಲ್ಲಿ ತೊಂದರೆಗೆ ಸಿಲುಕುತ್ತಾರೆ. ಹಾಗೆಯೇ ಕೋರ್ಟು ಕೊಟ್ಟ ವಿಚ್ಛೇದನ ಮಾತ್ರ ಇದ್ದರೆ ಚರ್ಚಿನಲ್ಲಿ ಮರುಮದುವೆ ಸಾಧ್ಯವಿಲ್ಲ. ಎರಡೂ ಕಡೆಗಳಲ್ಲಿ ಪ್ರತ್ಯೇಕವಾಗಿಯೇ ಅರ್ಜಿ ಹಾಕಬೇಕು.

ಕಾನೂನಿನಲ್ಲಿರುವ ದಾರಿಗಳು

ಕ್ರೈಸ್ತರಿಗೆ ಅನ್ವಯಿಸುವುದು 1869ರ ವಿಚ್ಛೇದನ ಕಾಯ್ದೆ. 2001ರಲ್ಲಿ ಇದಕ್ಕೆ ದೊಡ್ಡ ತಿದ್ದುಪಡಿಯಾಯಿತು. ಅದಕ್ಕೆ ಮೊದಲು ಗಂಡ ವ್ಯಭಿಚಾರವೊಂದನ್ನೇ ತೋರಿಸಿ ವಿಚ್ಛೇದನ ಪಡೆಯಬಹುದಿತ್ತು. ಹೆಂಡತಿಯಾದರೋ ಅದರ ಜೊತೆಗೆ ಕ್ರೌರ್ಯವನ್ನೋ ತ್ಯಜಿಸಿ ಹೋದುದನ್ನೋ ಕೂಡ ಸಾಬೀತುಪಡಿಸಬೇಕಿತ್ತು. ಈಗ ಇಬ್ಬರಿಗೂ ಕಾರಣಗಳು ಬಹುಮಟ್ಟಿಗೆ ಒಂದೇ: ವ್ಯಭಿಚಾರ, ಕ್ರೌರ್ಯ, ಎರಡು ವರ್ಷ ತ್ಯಜಿಸಿ ಹೋಗಿರುವುದು, ಮತಾಂತರ, ಏಳು ವರ್ಷ ಸುಳಿವೇ ಇಲ್ಲದಿರುವುದು ಇತ್ಯಾದಿ.

ಕಲಂ 10ಎ ಪ್ರಕಾರ ಇಬ್ಬರೂ ಒಪ್ಪಿ ವಿಚ್ಛೇದನ ಕೇಳಬಹುದು. ಅದಕ್ಕೆ ಎರಡು ವರ್ಷ ಪ್ರತ್ಯೇಕವಾಗಿ ಬಾಳಿರಬೇಕೆಂದು ಕಾಯ್ದೆಯಲ್ಲಿದೆ. ಆದರೆ ಇತರ ಧರ್ಮೀಯರಿಗೆ ಒಂದೇ ವರ್ಷ ಸಾಕಾಗಿರುವಾಗ ಇದು ತಾರತಮ್ಯ ಎಂದು ಕೇರಳ ಹೈಕೋರ್ಟ್ 2010ರಲ್ಲಿಯೂ ಕರ್ನಾಟಕ ಹೈಕೋರ್ಟ್ 2014ರಲ್ಲಿಯೂ ಹೇಳಿ, ಅದನ್ನು ಒಂದು ವರ್ಷವೆಂದೇ ಓದಿಕೊಳ್ಳಬೇಕೆಂದು ತೀರ್ಪು ನೀಡಿವೆ. ಅರ್ಜಿ ಹಾಕಿದ ಆರು ತಿಂಗಳ ನಂತರ, ಹದಿನೆಂಟು ತಿಂಗಳ ಒಳಗೆ ಇಬ್ಬರೂ ಮತ್ತೆ ಕೋರ್ಟನ್ನು ಕೇಳಿಕೊಳ್ಳಬೇಕು.

ವಿಚ್ಛೇದನ ಬೇಡ, ಆದರೆ ಒಟ್ಟಿಗಿರಲು ಸಾಧ್ಯವಿಲ್ಲ ಎನ್ನುವವರಿಗೆ ಕಲಂ 22ರಲ್ಲಿ ನ್ಯಾಯಿಕ ಪ್ರತ್ಯೇಕತೆಯ ದಾರಿಯಿದೆ. ಇದರಲ್ಲಿ ಮದುವೆಯ ಬಂಧ ಉಳಿಯುತ್ತದೆ. ಒಂದೇ ಸೂರಿನಡಿ ಬಾಳಬೇಕಾದ ಕಟ್ಟುಪಾಡು ಮಾತ್ರ ಇಲ್ಲವಾಗುತ್ತದೆ. ಮಕ್ಕಳ ವ್ಯವಸ್ಥೆಯ ಬಗ್ಗೆ ಆದೇಶ ಪಡೆಯಲು ವಿಚ್ಛೇದನವೇ ಆಗಬೇಕೆಂದಿಲ್ಲ ಎಂಬುದನ್ನು ನಮ್ಮವರಲ್ಲಿ ಹಲವರು ತಿಳಿದಿಲ್ಲ.

ಕುಟುಂಬ ನ್ಯಾಯಾಲಯ ಇರುವಲ್ಲಿ ಅರ್ಜಿಯನ್ನು ಅಲ್ಲಿಯೇ ಸಲ್ಲಿಸಬೇಕು; ಇಲ್ಲದಿದ್ದಲ್ಲಿ ಜಿಲ್ಲಾ ನ್ಯಾಯಾಲಯದಲ್ಲಿ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯಂತೆ ನ್ಯಾಯಾಧೀಶರು ಮೊದಲು ರಾಜಿಗೆ ಪ್ರಯತ್ನಿಸಬೇಕು. ಕಕ್ಷಿದಾರರು ಕೇಳಿಕೊಂಡರೆ ವಿಚಾರಣೆಯನ್ನು ಸಾರ್ವಜನಿಕರಿಲ್ಲದೆ ಬಾಗಿಲು ಮುಚ್ಚಿ ನಡೆಸಲು ಅವಕಾಶವಿದೆ.

ಮಗು ಯಾರ ಬಳಿ ಇರಬೇಕು?

ವಿಚ್ಛೇದನ ಕಾಯ್ದೆಯ 41ರಿಂದ 44ರವರೆಗಿನ ಕಲಂಗಳು ಮಕ್ಕಳ ಸುಪರ್ದಿ, ಪಾಲನೆ ಮತ್ತು ವಿದ್ಯಾಭ್ಯಾಸದ ಬಗ್ಗೆ ಆದೇಶ ನೀಡುವ ಅಧಿಕಾರವನ್ನು ಕೋರ್ಟಿಗೆ ಕೊಟ್ಟಿವೆ. ಮೊಕದ್ದಮೆ ಮುಗಿಯುವವರೆಗೆ ಕಾಯಬೇಕಾಗಿಲ್ಲ, ಮಧ್ಯಂತರ ಆದೇಶವನ್ನೂ ಕೇಳಬಹುದು. ವಿಚ್ಛೇದನದ ಮೊಕದ್ದಮೆಯೇ ಇಲ್ಲದಿದ್ದರೆ 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಡಿ ಅರ್ಜಿ ಹಾಕಬಹುದು. ಇದನ್ನು ಮಗು ಸಾಮಾನ್ಯವಾಗಿ ವಾಸವಾಗಿರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲಿ ಸಲ್ಲಿಸಬೇಕು.

ತೀರ್ಮಾನದ ಅಳತೆಗೋಲು ಒಂದೇ, ಅದು ಮಗುವಿನ ಹಿತ. ಮಗುವಿನ ವಯಸ್ಸು, ಲಿಂಗ, ಧರ್ಮ, ಕೇಳಿಕೊಂಡವರ ನಡತೆ, ಅವರಿಗೂ ಮಗುವಿಗೂ ಇರುವ ಒಡನಾಟ ಇವೆಲ್ಲವನ್ನೂ ಕೋರ್ಟ್ ನೋಡುತ್ತದೆ. ತಿಳುವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಕೇಳುತ್ತದೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂಬ ಲಿಖಿತ ನಿಯಮ ಹಿಂದೂ ಕಾನೂನಿನಲ್ಲಿದೆ, ಕ್ರೈಸ್ತರಿಗೆ ಅನ್ವಯಿಸುವ ಕಾಯ್ದೆಗಳಲ್ಲಿ ಇಲ್ಲ. ಆದರೂ ಎಳೆಯ ಮಗುವಿಗೆ ತಾಯಿಯ ಆರೈಕೆಯ ಅಗತ್ಯವನ್ನು ಕೋರ್ಟುಗಳು ಗಣನೆಗೆ ತೆಗೆದುಕೊಳ್ಳುತ್ತವೆ. ತಂದೆಗೆ ದೊಡ್ಡ ಸಂಬಳ ಇದೆ ಎಂಬ ಒಂದೇ ಕಾರಣಕ್ಕೆ ಮಗು ಅವರ ಪಾಲಾಗುವುದಿಲ್ಲ. ತಾಯಿಗೆ ಕೆಲಸವಿಲ್ಲ ಎಂಬ ಒಂದೇ ಕಾರಣಕ್ಕೆ ಮಗುವನ್ನು ಅವರಿಂದ ಬಿಡಿಸುವುದೂ ಇಲ್ಲ. ಆ ಕೊರತೆಯನ್ನು ತುಂಬಲಿಕ್ಕೆಂದೇ ಜೀವನಾಂಶವಿದೆ.

ಈ ವಿಷಯದಲ್ಲಿ ನೆನಪಿಡಬೇಕಾದ ತೀರ್ಪು 1973ರ ರೋಸಿ ಜೇಕಬ್ ಪ್ರಕರಣದ್ದು. ಅದು ಒಂದು ಕ್ರೈಸ್ತ ಕುಟುಂಬದ ವ್ಯಾಜ್ಯವೇ ಆಗಿತ್ತು. ಮಕ್ಕಳು ತಂದೆ ತಾಯಿಯ ಸೊತ್ತೂ ಅಲ್ಲ, ಆಟದ ವಸ್ತುಗಳೂ ಅಲ್ಲ ಎಂಬ ಅರ್ಥದ ಮಾತನ್ನು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದೆ. ಸುಪರ್ದಿಯ ಆದೇಶ ಎಂದೆಂದಿಗೂ ಬದಲಾಗದ್ದಲ್ಲ ಎಂಬುದೂ ಅದರಿಂದ ಸ್ಪಷ್ಟ. ಮಗು ಬೆಳೆದಂತೆ, ಪರಿಸ್ಥಿತಿ ಬದಲಾದಂತೆ ಮತ್ತೆ ಅರ್ಜಿ ಹಾಕಬಹುದು.

ಮದುವೆಯಾಗದ ತಾಯಂದಿರ ಬಗ್ಗೆಯೂ ಒಂದು ಮಾತು. ಇಂಥ ಒಬ್ಬ ಕ್ರೈಸ್ತ ತಾಯಿ, ತಂದೆಯ ಹೆಸರು ಹೇಳದೆ ಮತ್ತು ಆತನಿಗೆ ನೋಟೀಸು ನೀಡದೆ ತನ್ನ ಮಗುವಿಗೆ ಪಾಲಕಳಾಗಲು ಅರ್ಜಿ ಹಾಕಬಹುದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ತೀರ್ಪು ನೀಡಿದೆ.

ಭೇಟಿಯ ಹಕ್ಕು

ಮಗು ಒಬ್ಬರ ಬಳಿ ಇರುವಾಗ ಇನ್ನೊಬ್ಬರನ್ನು ನೋಡುವುದು ಮಗುವಿನ ಹಕ್ಕು ಕೂಡ ಹೌದು. 2020ರ ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮುಖತಃ ಭೇಟಿಯಲ್ಲದೆ ಪ್ರತಿದಿನ ಐದು ಹತ್ತು ನಿಮಿಷವಾದರೂ ಫೋನ್ ಅಥವಾ ವಿಡಿಯೋ ಕರೆಯಲ್ಲಿ ಮಾತನಾಡಲು ಅವಕಾಶವಿರಬೇಕೆಂಬ ಅಭಿಪ್ರಾಯ ನೀಡಿತು. ಗಲ್ಫ್ ದೇಶಗಳಲ್ಲಿ ದುಡಿಯುವ ನಮ್ಮ ಕರಾವಳಿಯ ತಂದೆ ತಾಯಂದಿರಿಗೆ ಇದು ಬಹಳ ಉಪಯುಕ್ತ.

ಒಪ್ಪಂದ ಬರೆಯುವಾಗ "ಆಗಾಗ ಭೇಟಿ" ಎಂದು ಬರೆದರೆ ಜಗಳ ಮುಂದುವರಿಯುತ್ತದೆ. ಯಾವ ವಾರ, ಎಷ್ಟು ಗಂಟೆಗೆ, ಎಲ್ಲಿ, ಕರೆತರುವವರು ಯಾರು, ಕ್ರಿಸ್ಮಸ್‌ಗೆ ಎಲ್ಲಿ, ಮೊಂತಿ ಹಬ್ಬಕ್ಕೆ ಎಲ್ಲಿ, ಬೇಸಿಗೆ ರಜೆಯಲ್ಲಿ ಎಷ್ಟು ದಿನ, ಎಲ್ಲವನ್ನೂ ಸ್ಪಷ್ಟವಾಗಿ ಬರೆಯಬೇಕು. ಜೀವನಾಂಶ ಬಂದಿಲ್ಲವೆಂದು ಭೇಟಿ ನಿಲ್ಲಿಸುವುದು, ಭೇಟಿ ಸಿಗಲಿಲ್ಲವೆಂದು ಹಣ ನಿಲ್ಲಿಸುವುದು ಎರಡೂ ತಪ್ಪು. ಆದೇಶ ಪಾಲನೆಯಾಗದಿದ್ದರೆ ಕೋರ್ಟಿಗೇ ಹೋಗಬೇಕು.

ಜೀವನಾಂಶ

ವಿಚ್ಛೇದನ ಕಾಯ್ದೆಯಡಿ ಮೊಕದ್ದಮೆ ನಡೆಯುತ್ತಿರುವಾಗಲೇ ಹೆಂಡತಿಯ ಮಧ್ಯಂತರ ಜೀವನಾಂಶಕ್ಕೂ ಮಕ್ಕಳ ಖರ್ಚಿಗೂ ಅರ್ಜಿ ಹಾಕಬಹುದು. ನೋಟೀಸು ಜಾರಿಯಾದ 60 ದಿನಗಳೊಳಗೆ, ಸಾಧ್ಯವಾದಷ್ಟು ಮಟ್ಟಿಗೆ, ಅದನ್ನು ತೀರ್ಮಾನಿಸಬೇಕೆಂದು 2001ರ ತಿದ್ದುಪಡಿ ಹೇಳುತ್ತದೆ. ಗಂಡನ ಆದಾಯದ ಐದನೇ ಒಂದು ಪಾಲಿಗಿಂತ ಹೆಚ್ಚು ಕೊಡುವಂತಿಲ್ಲ ಎಂಬ ಹಳೆಯ ಮಿತಿಯನ್ನೂ ಅದು ತೆಗೆದುಹಾಕಿತು.

ಇದಲ್ಲದೆ ಎಲ್ಲ ಧರ್ಮದವರಿಗೂ ಇರುವ ಸಾಮಾನ್ಯ ದಾರಿಯೆಂದರೆ ಹಿಂದೆ 'ನೂರಿಪ್ಪತ್ತೈದು' ಎಂದೇ ಪರಿಚಿತವಾಗಿದ್ದ ದಂಡ ಪ್ರಕ್ರಿಯಾ ಸಂಹಿತೆಯ ಕಲಂ. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 144 ಬಂದಿದೆ. ಹೆಂಡತಿ ತಾನು ವಾಸಿಸುವ ಊರಿನ ಕೋರ್ಟಿನಲ್ಲಿಯೇ ಇದನ್ನು ಹಾಕಬಹುದು, ಗಂಡ ಇರುವಲ್ಲಿಗೆ ಅಲೆಯಬೇಕಾಗಿಲ್ಲ. ವಿಚ್ಛೇದಿತೆ ಮರುಮದುವೆಯಾಗುವ ತನಕ ಕೇಳಬಹುದು. ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನ ಪಡೆದವಳಿಗೂ ಈ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ, ವನಮಾಲ ಪ್ರಕರಣದಲ್ಲಿ ಹೇಳಿದೆ. ಮದುವೆಯೊಳಗೆ ಹುಟ್ಟಿದ ಮಗು, ಹೊರಗೆ ಹುಟ್ಟಿದ ಮಗು ಎಂಬ ಭೇದ ಇಲ್ಲಿಲ್ಲ.

2020ರ ರಜನೇಶ್ ಪ್ರಕರಣದ ತೀರ್ಪಿನ ನಂತರ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ವಿವರವನ್ನು ಅಫಿಡವಿಟ್ ಮೂಲಕ ಕೋರ್ಟಿಗೆ ಕೊಡಬೇಕು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಹಾಕಬೇಕೆಂದೂ ಅದರಲ್ಲಿದೆ. ಆದುದರಿಂದ ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್, ಶಾಲೆಯ ಫೀಸಿನ ರಶೀದಿ, ಔಷಧದ ಬಿಲ್ಲುಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ.

ಎರಡು ಎಚ್ಚರಿಕೆಗಳು. ಒಂದು, ಬೇಗ ಮುಗಿಯಲಿ ಎಂದು ತಾಯಿ "ನನಗೇನೂ ಬೇಡ" ಎಂದು ಸಹಿ ಹಾಕಿದರೂ ಮಗುವಿನ ಜೀವನಾಂಶದ ಹಕ್ಕು ಅದರಿಂದ ಹೋಗುವುದಿಲ್ಲ. ಎರಡು, ಕಲಂ 144ರ ನೆರವು ಮಗುವಿಗೆ 18 ತುಂಬುವವರೆಗೆ. ದೈಹಿಕ ಅಥವಾ ಮಾನಸಿಕ ನ್ಯೂನತೆಯಿಂದ ದುಡಿಯಲಾಗದ ಮಕ್ಕಳಿಗೆ ಮಾತ್ರ ಅನಂತರವೂ ಇದೆ. ನರ್ಸಿಂಗ್, ಇಂಜಿನಿಯರಿಂಗ್ ಖರ್ಚು ಶುರುವಾಗುವುದೇ ಆ ವಯಸ್ಸಿಗೆ. ಪರಸ್ಪರ ಒಪ್ಪಿಗೆಯ ವಿಚ್ಛೇದನವಾದರೆ ಕಾಲೇಜಿನ ಖರ್ಚನ್ನು ಯಾರು ಎಷ್ಟು ಭರಿಸಬೇಕೆಂದು ಒಪ್ಪಂದದಲ್ಲಿಯೇ ಬರೆಸಿಕೊಳ್ಳುವುದು ಜಾಣತನ.

ಹಿಂಸೆ ಇರುವ ಮನೆಯಲ್ಲಿ

ಹೊಡೆತ, ಬೆದರಿಕೆ, ಕುಡಿದು ಬಂದು ಮಾಡುವ ರಂಪಾಟ ಇರುವಲ್ಲಿ "ಸ್ವಲ್ಪ ಸಹಿಸಿಕೋ ಮಗಳೇ" ಎಂಬ ಉಪದೇಶ ಅಪಾಯಕಾರಿ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಎಲ್ಲ ಧರ್ಮದ ಮಹಿಳೆಯರಿಗೂ ಅನ್ವಯಿಸುತ್ತದೆ. ಅದರಡಿ ರಕ್ಷಣೆಯ ಆದೇಶ, ಅದೇ ಮನೆಯಲ್ಲಿ ವಾಸಿಸುವ ಹಕ್ಕು, ಹಣದ ನೆರವು, ಮಕ್ಕಳ ತಾತ್ಕಾಲಿಕ ಸುಪರ್ದಿ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ತಂದೆಯ ಭೇಟಿಯಿಂದ ಮಗುವಿಗೆ ಹಾನಿಯಿದೆ ಎಂದು ಕಂಡುಬಂದರೆ ಮ್ಯಾಜಿಸ್ಟ್ರೇಟರು ಭೇಟಿಯನ್ನು ನಿರಾಕರಿಸಬಹುದು. ತುರ್ತು ಕರೆಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098.

ವಿದೇಶದಲ್ಲಿರುವವರಿಗೆ

ಮಕ್ಕಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಒಯ್ಯುವುದರ ಬಗೆಗಿನ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ವಿದೇಶಿ ಕೋರ್ಟಿನ ಆದೇಶವಿದ್ದರೂ ಇಲ್ಲಿನ ಕೋರ್ಟ್ ಮಗುವಿನ ಹಿತವನ್ನು ಸ್ವತಂತ್ರವಾಗಿ ಪರಿಶೀಲಿಸುತ್ತದೆ. ವಿದೇಶಿ ಆದೇಶ ಅದರಲ್ಲಿ ಒಂದು ಅಂಶ ಮಾತ್ರ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಹಾಗೆಂದು ಮಗುವನ್ನು ಹೇಳದೆ ಕೇಳದೆ ಊರಿಗೆ ಕರೆತರುವುದು ಸುರಕ್ಷಿತವೆಂದು ತಿಳಿಯಬಾರದು. ಆ ದೇಶದಲ್ಲಿ ಅದು ಅಪರಾಧವಾಗಬಹುದು, ಕೋರ್ಟ್ ಮಗುವನ್ನು ಹಿಂದಕ್ಕೆ ಕಳುಹಿಸಲೂಬಹುದು. ಇನ್ನೊಬ್ಬರು ಭಾಗವಹಿಸದೆ, ಇಲ್ಲಿನ ವಿವಾಹ ಕಾನೂನಿನಲ್ಲಿಲ್ಲದ ಕಾರಣಕ್ಕೆ ಹೊರದೇಶದಲ್ಲಿ ಪಡೆದ ವಿಚ್ಛೇದನಕ್ಕೆ ಇಲ್ಲಿ ಮಾನ್ಯತೆಯಿಲ್ಲ ಎಂಬುದು 1991ರ ತೀರ್ಪು.

ಧರ್ಮಸಭೆ ಏನು ಹೇಳುತ್ತದೆ?

ಮದುವೆ ಅಸಿಂಧುವಾದರೆ ಮಕ್ಕಳು ಅಕ್ರಮ ಸಂತಾನವಾಗುತ್ತಾರೆ ಎಂಬ ಭಯ ಹಲವು ತಾಯಂದಿರನ್ನು ಕಾಡುತ್ತದೆ. ಇದು ಸರಿಯಲ್ಲ. ಒಬ್ಬರಾದರೂ ಸದ್ಭಾವನೆಯಿಂದ ಮಾಡಿಕೊಂಡ ಮದುವೆಯಲ್ಲಿ ಹುಟ್ಟಿದ ಮಕ್ಕಳು, ಆ ಮದುವೆ ಮುಂದೆ ಅಸಿಂಧುವೆನಿಸಿದರೂ, ಸಕ್ರಮ ಸಂತಾನವೇ ಎಂದು ಧರ್ಮಸಭೆಯ ಕಾನೂನು ಸಂಹಿತೆಯ 1137ನೇ ನಿಯಮ ಹೇಳುತ್ತದೆ. ದಂಪತಿಗಳು ಬೇರ್ಪಟ್ಟಾಗ ಮಕ್ಕಳ ಪಾಲನೆಗೂ ಶಿಕ್ಷಣಕ್ಕೂ ತಕ್ಕ ವ್ಯವಸ್ಥೆ ಇರಲೇಬೇಕು ಎಂಬುದು 1154ನೇ ನಿಯಮ. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಅಸಿಂಧುತ್ವದ ವಿಚಾರಣೆಯನ್ನು ಸರಳಗೊಳಿಸಿ, ಎರಡು ನ್ಯಾಯಮಂಡಳಿಗಳು ಒಂದೇ ರೀತಿಯ ತೀರ್ಪು ಕೊಡಬೇಕೆಂಬ ಕಡ್ಡಾಯವನ್ನು ತೆಗೆದುಹಾಕಿದರು.

ಇನ್ನೊಂದು ತಪ್ಪು ಕಲ್ಪನೆ, ವಿಚ್ಛೇದನ ಪಡೆದವರು ಪರಮಪ್ರಸಾದ ಸ್ವೀಕರಿಸುವಂತಿಲ್ಲ ಎಂಬುದು. ವಿಚ್ಛೇದನವಾಗಿ ಮರುಮದುವೆಯಾಗದೆ ಬಾಳುವವರಿಗೆ ಆ ಕಾರಣದಿಂದ ಸಂಸ್ಕಾರಗಳಿಗೆ ಯಾವ ಅಡ್ಡಿಯೂ ಇಲ್ಲ. ಮಕ್ಕಳ ದೀಕ್ಷಾಸ್ನಾನಕ್ಕೆ ತಂದೆ ತಾಯಿಯರಲ್ಲಿ ಒಬ್ಬರ ಒಪ್ಪಿಗೆಯಾದರೂ ಇದ್ದರೆ ಸಾಕು.

ಧರ್ಮಕೇಂದ್ರದಲ್ಲಿ ಸೇವೆ ಮಾಡುವವರಿಗೆ

1. ಮದುವೆಯ, ದೀಕ್ಷಾಸ್ನಾನದ ಪ್ರಮಾಣಪತ್ರಗಳನ್ನು ಇಬ್ಬರಲ್ಲಿ ಯಾರು ಕೇಳಿದರೂ ತಡಮಾಡದೆ ಕೊಡಿರಿ.

2. ಒಬ್ಬರ ಪರವಾಗಿ ನಡತೆಯ ಪತ್ರ ಬರೆದುಕೊಡಬೇಡಿ. ದಾಖಲೆ ಪುಸ್ತಕದಲ್ಲಿ ಇರುವುದನ್ನು ಮಾತ್ರ ಬರೆಯಿರಿ.

3. ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ತಾಲೂಕು ಸಮಿತಿಗೆ ಕಳುಹಿಸಿರಿ, ಸಹಾಯವಾಣಿ 15100.

4. ಹಿಂಸೆಯಿಂದ ಓಡಿಬಂದವರನ್ನು ಅದೇ ದಿನ ರಾಜಿ ಮಾಡಿಸಿ ಹಿಂದಕ್ಕೆ ಕಳುಹಿಸಬೇಡಿ.

5. ಕ್ರೈಸ್ತ ಶಿಕ್ಷಣದ ತರಗತಿಯಲ್ಲಿ ಇಂಥ ಮನೆಯ ಮಗುವಿನ ಮುಂದೆ ತಂದೆ ತಾಯಿಯ ಮಾತೆತ್ತಿ ಪ್ರಶ್ನೆ ಮಾಡಬೇಡಿ. ಪ್ರಥಮ ಪರಮಪ್ರಸಾದದ ದಿನ ಇಬ್ಬರಿಗೂ ಪೀಠದ ಹತ್ತಿರ ಸ್ಥಳ ಕೊಡಿರಿ. ಒಂದೇ ಬೆಂಚಿನಲ್ಲಿ ಕೂರಲೇಬೇಕೆಂಬ ಒತ್ತಾಯ ಬೇಡ.

ಮದುವೆ ಮುರಿದರೆ ಗಂಡ ಹೆಂಡತಿ ಎಂಬ ಸಂಬಂಧ ಕೋರ್ಟಿನಲ್ಲಿ ಮುಗಿಯಬಹುದು. ಅಪ್ಪ ಅಮ್ಮ ಎಂಬ ಸಂಬಂಧವನ್ನು ಮುಗಿಸುವ ಕಾಯ್ದೆ ನಾಗರಿಕ ಕಾನೂನಿನಲ್ಲಿಯೂ ಇಲ್ಲ, ಧರ್ಮಸಭೆಯ ಕಾನೂನಿನಲ್ಲಿಯೂ ಇಲ್ಲ. ಈ ಮಾಹಿತಿಯನ್ನು ಅಗತ್ಯವಿರುವವರ ಕೈಗೆ ಸದ್ದಿಲ್ಲದೆ ತಲುಪಿಸುವಿರೆಂದು ನಂಬಿದ್ದೇವೆ.