ಆಟಿಕೆಯ ಹೊಲ, ಹರಾಜಿನ ಬೆಲೆ

ಮಕ್ಕಳ ಆಟಿಕೆಯನ್ನು ಇತಿಹಾಸದ ಸಾಕ್ಷಿಯೆಂದು ಕರೆದರೆ ಕೆಲವರಿಗೆ ವಿನೋದವೆನಿಸೀತು. ಆದರೆ ಅಮೆರಿಕದ ಅಯೋವಾ ರಾಜ್ಯದಲ್ಲಿ ವೃದ್ಧ ರೈತನೊಬ್ಬ ತಾನು ಜೀವಮಾನವಿಡೀ ಕೂಡಿಟ್ಟ ಪುಟ್ಟ ಟ್ರ್ಯಾಕ್ಟರುಗಳನ್ನು ಹರಾಜಿಗೆ ಒಡ್ಡಿದಾಗ, ಅವುಗಳೊಡನೆ ಒಂದು ಒಕ್ಕಲುತನದ ಚರಿತ್ರೆಯೂ ಮಾರಾಟಕ್ಕೆ ಬರುತ್ತದೆಂದೇ ನಾನು ಭಾವಿಸುತ್ತೇನೆ.

ಈ ಆಟಿಕೆಗಳು ಹುಟ್ಟಿದ್ದು ಕಷ್ಟದ ದಿನಗಳಲ್ಲಿ. 1945ರಲ್ಲಿ ಡ್ಯೂಬ್ಯೂಕ್ ನಗರದ ಎರಕದ ಕೆಲಸಗಾರ ಫ್ರೆಡ್ ಅರ್ಟ್ಲ್ ಎಂಬವರು, ಮುಷ್ಕರದಿಂದ ಕೆಲಸವಿಲ್ಲದೆ ಕುಳಿತಾಗ, ಹಳೆಯ ಅಲ್ಯೂಮಿನಿಯಂ ಪಿಸ್ಟನ್‌ಗಳನ್ನು ಮನೆಯ ಕುಲುಮೆಯಲ್ಲಿಯೇ ಕರಗಿಸಿ, ಮರಳಿನ ಅಚ್ಚಿನಲ್ಲಿ ಚಿಕ್ಕ ಟ್ರ್ಯಾಕ್ಟರುಗಳನ್ನು ಎರಕಹೊಯ್ದರು. ಮನೆಮಂದಿಯೂ ಕೈಜೋಡಿಸಿದರು. 1959ರಲ್ಲಿ ಅವರ ಕಾರ್ಖಾನೆ ಡೈಯರ್ಸ್‌ವಿಲ್ ಎಂಬ ಸಣ್ಣ ಊರಿಗೆ ಬಂದಿತು. ಜಾನ್ ಡಿಯರ್, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮೊದಲಾದ ಕಂಪನಿಗಳ ಯಂತ್ರಗಳು 16ರಲ್ಲಿ 1 ಪಾಲಿನ ಅಳತೆಗೆ ಕುಗ್ಗಿ ಮಕ್ಕಳ ಕೈಸೇರಿದವು. ತಂದೆ ಹೊಲದಲ್ಲಿ ಓಡಿಸುತ್ತಿದ್ದುದನ್ನೇ ಮಗ ಅಂಗಳದ ಮಣ್ಣಿನಲ್ಲಿ ಓಡಿಸಿದ.

ಅನಂತರ ಕಾಲ ತಿರುಗಿತು. 1970ರ ದಶಕದಲ್ಲಿ ಸಾಲಮಾಡಿ ಭೂಮಿ ಕೊಂಡಿದ್ದ ರೈತರು, ಬಡ್ಡಿ ಏರಿ ಬೆಳೆಯ ಬೆಲೆ ಕುಸಿದಾಗ ದಿಕ್ಕೆಟ್ಟರು. ಅಯೋವಾದಲ್ಲಿ 1981ರಲ್ಲಿ ಎಕರೆಗೆ ಸರಾಸರಿ 2,147 ಡಾಲರ್ ಬಾಳುತ್ತಿದ್ದ ಜಮೀನು 1986ರಲ್ಲಿ 787 ಡಾಲರಿಗೆ ಇಳಿಯಿತು. ಎಷ್ಟೋ ಮನೆಗಳ ಹೊಲ, ಯಂತ್ರ, ಕೊಟ್ಟಿಗೆಗಳೆಲ್ಲ ಹರಾಜಾದವು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆಯೇ 1985ರಲ್ಲಿ ತನ್ನ ಕೃಷಿಯಂತ್ರಗಳ ವಿಭಾಗವನ್ನು ಮಾರಿಕೊಂಡಿತು. ಅದೇ ಸಂಕಟದ ನಡುವೆ, 1986ರಲ್ಲಿ, ಡೈಯರ್ಸ್‌ವಿಲ್‌ನಲ್ಲಿ ಕೃಷಿ ಆಟಿಕೆಗಳ ರಾಷ್ಟ್ರೀಯ ವಸ್ತುಸಂಗ್ರಹಾಲಯ ತೆರೆಯಿತು. ಇದು ಕೇವಲ ಕಾಕತಾಳೀಯವಿರಬಹುದು. ಆದರೂ ನೆಲ ಕೈಬಿಟ್ಟವನಿಗೆ ಕಪಾಟಿನೊಳಗಿನ ಹೊಲವೊಂದು ಉಳಿಯಿತಲ್ಲವೆ?

ಈಗ ಆ ಕಪಾಟೂ ಬರಿದಾಗುವ ಹೊತ್ತು. 1935ರಲ್ಲಿ ಅಮೆರಿಕದಲ್ಲಿ ಸುಮಾರು 68 ಲಕ್ಷ ಒಕ್ಕಲು ಹಿಡುವಳಿಗಳಿದ್ದವು. 2022ರ ಕೃಷಿಗಣತಿಯಲ್ಲಿ ಸಿಕ್ಕವು ಸುಮಾರು 19 ಲಕ್ಷ ಮಾತ್ರ. ಪಟ್ಟಣ ಸೇರಿದ ಮಕ್ಕಳಿಗೆ ಈ ಸಂಗ್ರಹವನ್ನು ಇಡಲು ಜಾಗವಿಲ್ಲ. ಇದ್ದರೂ ಯಾವ ಯಂತ್ರ ಯಾವ ಕೆಲಸದ್ದೆಂಬ ಅರಿವಿಲ್ಲ.

ಮಾರುಕಟ್ಟೆಗೆ ತನ್ನದೇ ಧರ್ಮವಿದೆ. ಪೆಟ್ಟಿಗೆಯಿಂದ ಹೊರಬಾರದ, ಬಣ್ಣ ಮಾಸದ ಆಟಿಕೆಗೆ ಅಲ್ಲಿ ಮನ್ನಣೆ. ಮಗುವಿನ ಕೈಯಲ್ಲಿ ಸವೆದು ಚಕ್ರ ಕಳಚಿದ್ದಕ್ಕೆ ಚಿಲ್ಲರೆ ಕಾಸು. ಚರಿತ್ರಕಾರನ ತಕ್ಕಡಿಯಾದರೋ ಬೇರೆ. ಆಡದೆ ಉಳಿದ ಆಟಿಕೆ ಕಾರ್ಖಾನೆಯ ಕೌಶಲವನ್ನಷ್ಟೇ ಹೇಳಬಲ್ಲದು. ಸವೆದದ್ದು ಒಂದು ಮನೆಯ ಬಾಳನ್ನು ಹೇಳುತ್ತದೆ. ಬಿಡಿಬಿಡಿಯಾಗಿ ಮಾರಿದಾಗ ಹಣ ಹೆಚ್ಚು ಬಂದರೂ ಬರಬಹುದು, ಆದರೆ ಆ ಮಾತು ಊರೂರಿಗೆ ಚದುರಿಹೋಗುತ್ತದೆ.

ಮಾರುವುದೇ ತಪ್ಪೆಂದು ನಾನು ಹೇಳಲಾರೆ. ಔಷಧಿಗೋ ಮೊಮ್ಮಗಳ ಓದಿಗೋ ಹಣ ಬೇಕಾದವನಿಗೆ ಇತಿಹಾಸದ ಉಪದೇಶ ಸಲ್ಲದು. ಹರಾಜಿನ ಪಟ್ಟಿಯಲ್ಲಿ ಮಾದರಿಯ ಹೆಸರಿನ ಪಕ್ಕ ಒಂದು ಸಾಲು ಹೆಚ್ಚು ಬರೆಯಲಿ ಎಂಬುದಷ್ಟೇ ನನ್ನ ಬಿನ್ನಹ: ಇದನ್ನು ಯಾರು, ಯಾರಿಗೆ, ಯಾವ ಸುಗ್ಗಿಯ ವರ್ಷ ಕೊಡಿಸಿದರು ಎಂದು. ಅಷ್ಟು ಬರೆಯಲು ತಿಳಿದವರು ಇನ್ನೂ ಇದ್ದಾರೆ.