ಅಫೀಮಿನ ಪೆಟ್ಟಿಗೆಯಿಂದ ಶುಚಿಯಾದ ಸೂಜಿಯವರೆಗೆ

ಊರಿನಿಂದ ಬಂದ ಕಾಯಿಲೆಯವರನ್ನು ಒಮ್ಮೆಯಾದರೂ ಭಾಯಖಳದ ಜೆ. ಜೆ. ಆಸ್ಪತ್ರೆಗೆ ಕರೆದೊಯ್ಯದ ಮುಂಬಯಿ ಕನ್ನಡಿಗರು ವಿರಳ. ಕೇಸ್ ಪೇಪರಿನ ಸಾಲಿನಲ್ಲಿ ನಿಂತಾಗ, ಈ ಆಸ್ಪತ್ರೆಗೆ ಹಣ ಎಲ್ಲಿಂದ ಬಂತೆಂದು ನಾವು ಯೋಚಿಸುವುದಿಲ್ಲ. 1845ರಲ್ಲಿ ಆರಂಭವಾದ ಈ ಸಂಸ್ಥೆಗೆ ಉದಾರವಾಗಿ ದಾನವಿತ್ತ ಸರ್ ಜಮ್ಷೇಟ್‌ಜಿ ಜೀಜಿಭಾಯ್ ಅವರ ಸಂಪತ್ತಿನ ದೊಡ್ಡ ಪಾಲು, ಚೀನಾದೊಡನೆ ನಡೆಸಿದ ಹತ್ತಿ ಹಾಗೂ ಅಫೀಮಿನ ವ್ಯಾಪಾರದಿಂದ ಬಂದುದಾಗಿತ್ತು.

ಮಾಳವದ ಅಫೀಮು ಪೆಟ್ಟಿಗೆಗಟ್ಟಲೆ ಮುಂಬಯಿ ಬಂದರಿನಿಂದ ಹಡಗೇರುತ್ತಿತ್ತು. 1843ರಲ್ಲಿ ಸಿಂಧ್ ಪ್ರಾಂತ ಬ್ರಿಟಿಷರ ವಶವಾದ ಮೇಲೆ ಕರಾಚಿಯ ಮಾರ್ಗವಾಗಿ ಹೋಗುತ್ತಿದ್ದ ಸರಕೂ ಇತ್ತ ತಿರುಗಿತು. ಚೀನಾಕ್ಕೆ ಹೋಗುತ್ತಿದ್ದ ಅಫೀಮು 1913ರಲ್ಲಿ ನಿಂತಿತಾದರೂ ಚಟ ಮಾತ್ರ ಇಲ್ಲಿಯೇ ಉಳಿಯಿತು. ಕಾಮಾಠಿಪುರದ ಶುಕ್ಲಾಜಿ ಬೀದಿಯಲ್ಲಿ ಅಫೀಮು ಸೇದುವ ಅಡ್ಡೆಗಳು 1970ರ ದಶಕದಲ್ಲೂ ಇದ್ದವು.

1980ರ ದಶಕದಲ್ಲಿ ಅಫೀಮಿನ ಜಾಗಕ್ಕೆ 'ಬ್ರೌನ್ ಶುಗರ್' ಎಂಬ ಕಚ್ಚಾ ಹೆರಾಯಿನ್ ಬಂದಿತು. ಮುಂಬಯಿಯ ಬಾಯಲ್ಲಿ ಅದು 'ಗರ್ದ್' ಆಯಿತು. ಸೇದುವವನು 'ಗರ್ದುಲ್ಲಾ' ಎನಿಸಿದನು. ರೋಗಿಯ ಹೆಸರೇ ಬೈಗುಳವಾದ ಮೇಲೆ ಅವನು ಆಸ್ಪತ್ರೆಯ ಬಾಗಿಲಿಗೆ ಬರುವುದಾದರೂ ಹೇಗೆ? 1985ರಲ್ಲಿ ಮಾದಕ ದ್ರವ್ಯಗಳ ಕಠಿಣ ಕಾನೂನು ಜಾರಿಗೆ ಬಂದಿತು. ಚಟ ಅದರಿಂದ ಅಳಿಯಲಿಲ್ಲ. ಪುಡಿ ದುಬಾರಿಯಾದಾಗ ಹಲವರು ಅಗ್ಗದ ನೋವುನಿವಾರಕ ಔಷಧಗಳನ್ನು ರಕ್ತನಾಳಕ್ಕೆ ಚುಚ್ಚಿಕೊಳ್ಳತೊಡಗಿದರು.

ಒಬ್ಬನ ಸೂಜಿ ಇನ್ನೊಬ್ಬನ ಕೈಗೆ ಹೋದಾಗ ಮೊದಲನೆಯವನ ರಕ್ತವೂ ಹೋಗುತ್ತದೆ. ನೀರಿನಲ್ಲಿ ತೊಳೆದರೆ ಸಾಲದು. ಔಷಧ ಕಲಸುವ ಚಮಚ, ಹತ್ತಿ, ನೀರು ಸಹ ಸೋಂಕನ್ನು ಸಾಗಿಸಬಲ್ಲವು. ಕೀವುಗಟ್ಟುವ ಹುಣ್ಣು, ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ಮತ್ತು ಸಿ, ಕೊನೆಗೆ ಎಚ್.ಐ.ವಿ. ಎಲ್ಲವೂ ಒಂದೇ ದಾರಿಯಲ್ಲಿ ಬರುತ್ತವೆ. ನಮ್ಮ ದೇಶದಲ್ಲಿ ಎಚ್.ಐ.ವಿ. ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಕೆಲವೇ ವರ್ಷಗಳಲ್ಲಿ ಮಣಿಪುರದಲ್ಲಿ ಅದು ಸೂಜಿಯ ಮೂಲಕ ಕಾಳ್ಗಿಚ್ಚಿನಂತೆ ಹರಡಿತು. 2017ರ ಸರಕಾರಿ ಲೆಕ್ಕದಂತೆ ದೇಶದ ವಯಸ್ಕರಲ್ಲಿ ಸಾವಿರಕ್ಕೆ ಸುಮಾರು ಇಬ್ಬರಿಗೆ ಈ ಸೋಂಕಿದ್ದರೆ, ಚುಚ್ಚಿಕೊಳ್ಳುವವರಲ್ಲಿ ನೂರಕ್ಕೆ ಆರಕ್ಕೂ ಹೆಚ್ಚು ಮಂದಿಗಿತ್ತು.

ಪರಿಹಾರದ ದಾರಿಯನ್ನು ತೋರಿದವರಲ್ಲಿ ವ್ಯಸನಿಗಳೂ ಇದ್ದರು. 1984ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅವರದೇ ಸಂಘವೊಂದು ಹಳೆಯ ಸೂಜಿ ಪಡೆದು ಹೊಸದನ್ನು ಕೊಡುವ ಕಾರ್ಯಕ್ಕೆ ಕೈಹಾಕಿತು. ಮುಂಬಯಿಯಲ್ಲಿ ಎಲ್ಡ್ರೆಡ್ ಟೆಲ್ಲಿಸ್ ಅವರು 1995ರಲ್ಲಿ ಸ್ಥಾಪಿಸಿದ ಸಂಕಲ್ಪ್ ಸಂಸ್ಥೆ, ಬೀದಿಯಲ್ಲಿ ಬದುಕುವ ವ್ಯಸನಿಗಳ ನಡುವೆ ಈ ಕೆಲಸ ಮಾಡಿತು. 2007ರಲ್ಲಿ ಆರಂಭವಾದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೆಯ ಹಂತದಲ್ಲಿ ಸರಕಾರವೇ ಸೂಜಿ ವಿತರಣೆಯನ್ನೂ, ನಾಲಿಗೆಯಡಿ ಇಡುವ ಬುಪ್ರೆನಾರ್ಫಿನ್ ಮಾತ್ರೆಯ ಚಿಕಿತ್ಸೆಯನ್ನೂ ಕೈಗೊಂಡಿತು.

"ಸೂಜಿ ಕೊಟ್ಟರೆ ಚಟಕ್ಕೆ ಕುಮ್ಮಕ್ಕು ಕೊಟ್ಟಂತಲ್ಲವೇ?" ಎಂದು ಕೇಳುವವರುಂಟು. ಸೂಜಿಗಾಗಿ ಬಂದವನ ಹುಣ್ಣಿಗೆ ಪಟ್ಟಿ ಕಟ್ಟುತ್ತಾರೆ, ರಕ್ತ ಪರೀಕ್ಷೆಗೆ ಒಪ್ಪಿಸುತ್ತಾರೆ, ಚಿಕಿತ್ಸೆಯ ಮಾತೂ ಅಲ್ಲಿಯೇ ಮೊದಲಾಗುತ್ತದೆ. ಸತ್ತವನನ್ನು ಯಾರೂ ಚಟದಿಂದ ಬಿಡಿಸಲಾರರು. 2017ರ ಎಚ್.ಐ.ವಿ. ಕಾಯಿದೆ, ಸರಕಾರದ ನಿಯಮಾನುಸಾರ ಸೂಜಿ ಕೊಡುವುದು ಅಪರಾಧವಲ್ಲವೆಂದು ಸ್ಪಷ್ಟಪಡಿಸಿತು. 1985ರ ಕಾನೂನಿಗೂ 1989ರಲ್ಲಿ ತಿದ್ದುಪಡಿಯಾಗಿ, ತಾನಾಗಿ ಚಿಕಿತ್ಸೆಗೆ ಮುಂದಾಗುವ ವ್ಯಸನಿಗೆ ಮೊಕದ್ದಮೆಯಿಂದ ವಿನಾಯಿತಿ ದೊರೆಯುವ ದಾರಿ ತೆರೆದಿತ್ತು.

ಇದೆಲ್ಲ ಪರರ ಮನೆಯ ಕಥೆಯೆಂದು ಓದುಗರು ಭಾವಿಸಬಾರದು. ನಾವು ಚಿಕ್ಕವರಿದ್ದಾಗ ನಮ್ಮ ಚಾಳಿನ ಹುಡುಗನೊಬ್ಬನ ಚಟ ಬಿಡಿಸಲೆಂದು ಅವನನ್ನು ಊರಿಗೆ, ಸೋದರಮಾವನ ಮನೆಗೆ ಕಳುಹಿಸಿದರು. ಆರು ತಿಂಗಳ ಮೇಲೆ ಮರಳಿದವನು ಹಳೆಯ ಪ್ರಮಾಣವನ್ನೇ ಚುಚ್ಚಿಕೊಂಡನು. ಬಿಟ್ಟಿದ್ದ ದೇಹ ಅದನ್ನು ತಾಳದೆ ಉಸಿರು ನಿಂತಿತು. ಮನೆಯವರು "ಹಾರ್ಟ್ ಅಟ್ಯಾಕ್" ಎಂದರು. ನಾವೆಲ್ಲ ನಂಬಿದಂತೆ ನಟಿಸಿದೆವು. ನೆರೆಹೊರೆಯವರಿಗೆ ಅಂಜದೆ ಆ ತಾಯಿ ಒಬ್ಬ ವೈದ್ಯರನ್ನು ಕೇಳಿದ್ದರೆ ಆ ಹುಡುಗ ಇಂದು ನಮ್ಮ ವಯಸ್ಸಿನವನಾಗಿ ಇರುತ್ತಿದ್ದನೋ ಏನೋ. ಅಂಜಿಕೆ ಹುಟ್ಟಿಸಿದವರು ನೆರೆಹೊರೆಯ ನಾವೇ ಎಂಬುದನ್ನು ಮರೆಯಬಾರದು.