ಗರ್ಭನಿರೋಧ: ಚರಿತ್ರೆ ಎತ್ತುವ ಒಪ್ಪಿಗೆಯ ಪ್ರಶ್ನೆ

ಗರ್ಭನಿರೋಧವು ಪಾಶ್ಚಾತ್ಯರಿಂದ ಬಂದ ಹೊಸ ವಿಚಾರ, ಮುಸ್ಲಿಮ್ ಸಮಾಜಕ್ಕೆ ಅದರ ಪರಿಚಯವೇ ಇರಲಿಲ್ಲ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಚರಿತ್ರೆ ಹಾಗೆ ಹೇಳುವುದಿಲ್ಲ.

ಪ್ರವಾದಿಯವರ(ಸ) ಕಾಲದಲ್ಲೇ ಅರಬರಲ್ಲಿ 'ಅಝ್ಲ್' ರೂಢಿಯಲ್ಲಿತ್ತು. ವೀರ್ಯವು ಗರ್ಭ ಸೇರದಂತೆ ಪುರುಷನೇ ಎಚ್ಚರ ವಹಿಸುವ ವಿಧಾನವಿದು. ಇಬ್ನ್ ಹಝ್ಮ್‌ರಂಥವರು ಇದನ್ನು ನಿಷೇಧಿಸಿದರೂ ಹೆಚ್ಚಿನ ಕರ್ಮಶಾಸ್ತ್ರಜ್ಞರು ಅನುಮತಿಸಿದರು. 1111ರಲ್ಲಿ ನಿಧನರಾದ ಇಮಾಮ್ ಗಝ್ಝಾಲಿಯವರು ಹೆರಿಗೆಯಿಂದ ಪತ್ನಿಯ ಜೀವಕ್ಕಿರುವ ಅಪಾಯವನ್ನೂ ಹೆಚ್ಚು ಮಕ್ಕಳಿಂದ ಬರುವ ಸಂಕಷ್ಟವನ್ನೂ ಸಕಾರಣಗಳೆಂದು ಒಪ್ಪಿದರು. ಆದರೆ ಹೆಣ್ಣು ಹುಟ್ಟೀತೆಂಬ ಭಯವನ್ನು ಒಪ್ಪಲಿಲ್ಲ. ಹನಫೀ, ಮಾಲಿಕೀ ವಿದ್ವಾಂಸರು ಸಾಮಾನ್ಯವಾಗಿ ಪತ್ನಿಯ ಸಮ್ಮತಿ ಬೇಕೆಂದರು. ವೈದ್ಯರಾದ ರಾಝಿ, ಇಬ್ನ್ ಸೀನಾ ಮುಂತಾದವರು ಸ್ತ್ರೀಯರು ಬಳಸಬಹುದಾದ ಔಷಧಗಳನ್ನು ತಮ್ಮ ಗ್ರಂಥಗಳಲ್ಲಿ ದಾಖಲಿಸಿದರು. ಅವೆಲ್ಲ ಫಲಕಾರಿಯಾಗಿರಲಿಲ್ಲ ಎಂಬುದು ಬೇರೆ ಮಾತು. ಆ ಬಗ್ಗೆ ಮಾತನಾಡಲು ಅವರಿಗೆ ಸಂಕೋಚವಿರಲಿಲ್ಲ.

ನಮ್ಮ ನಾಡೂ ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. 1930ರಲ್ಲೇ ಮೈಸೂರು ಸರಕಾರವು ಗರ್ಭನಿರೋಧ ಕ್ಲಿನಿಕ್‌ಗಳಿಗೆ ಮಂಜೂರಾತಿ ನೀಡಿತು. 1952ರಲ್ಲಿ ಭಾರತ ಸರಕಾರವು ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿಸಿತು. 1965ರಲ್ಲಿ 'ಲೂಪ್' ಅಂದರೆ ವಂಕಿ ಬಂತು. ಅದನ್ನು ಹಾಕಿದ ಅವಸರ ಅನಂತರದ ಆರೈಕೆಯಲ್ಲಿ ಕಾಣಲಿಲ್ಲ. ರಕ್ತಸ್ರಾವದ ದೂರುಗಳು ಹೆಚ್ಚಿ ಸ್ತ್ರೀಯರು ಅದರಿಂದ ದೂರ ಸರಿದರು.

ತುರ್ತು ಪರಿಸ್ಥಿತಿಯ ಕಾಲದಲ್ಲಿ ಒಪ್ಪಿಗೆಗೆ ಬೆಲೆಯೇ ಇಲ್ಲವಾಯಿತು. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಅವುಗಳಲ್ಲಿ ಬಹುಪಾಲು ಪುರುಷರಿಗೇ ಮಾಡಿದವು. ಗುರಿ ಮುಟ್ಟುವ ಆತುರಕ್ಕೆ ಬಡವರು, ದಲಿತರು, ಮುಸ್ಲಿಮರು ಬಲಿಯಾದರು. ಹರಿಯಾಣದ ಉಟಾವರ್ ಎಂಬ ಮುಸ್ಲಿಮ್ ಗ್ರಾಮವನ್ನು ಪೊಲೀಸರು ಸುತ್ತುವರಿದು ಗಂಡಸರನ್ನು ಹಿಡಿದೊಯ್ದರು. ಆ ಭಯ ಇಂದಿಗೂ ಪೂರ್ತಿ ಮಾಸಿಲ್ಲ.

ಆಮೇಲೆ ಏನಾಯಿತು? ಹೊರೆ ಗಂಡಸಿನಿಂದ ಹೆಂಗಸಿನ ಮೇಲೆ ಜಾರಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49ರ ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಶೇ. 37.9 ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಪತಿ ಮಾಡಿಸಿಕೊಂಡಿರುವುದು ಕೇವಲ ಶೇ. 0.3. ಪುರುಷರ ಶಸ್ತ್ರಚಿಕಿತ್ಸೆಯೇ ಹೆಚ್ಚು ಸರಳವೆಂದು ವೈದ್ಯರು ಹೇಳುತ್ತಾರೆ. ನಿರೋಧ್, ಮಾತ್ರೆ, ವಂಕಿ ಇವೆಲ್ಲ ಬೇಡವೆಂದಾಗ ನಿಲ್ಲಿಸಬಹುದಾದ ತಾತ್ಕಾಲಿಕ ಕ್ರಮಗಳು. ಆದರೆ ಅನೇಕ ಮನೆಗಳಲ್ಲಿ ಈ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಯಾವ ವಿಧಾನವೆಂದು ಕೇಳುವ ಮೊದಲು, ಅವಳಿಗೆ ತಿಳಿಸಲಾಗಿದೆಯೇ, ಅವಳು ಒಪ್ಪಿದ್ದಾಳೆಯೇ ಎಂದು ನಾವು ಕೇಳಬೇಕಾಗಿದೆ. ಶತಮಾನಗಳ ಹಿಂದೆ ನಮ್ಮ ವಿದ್ವಾಂಸರು ಕೇಳಿದ್ದೂ ಆ ಸಮ್ಮತಿಯನ್ನೇ ಅಲ್ಲವೇ?